ಹಳೆಯ ರಿವಾಲ್ವರ್ ಮತ್ತು ಹಿಟ್ಟಿನ ಕೋಳಿ

2016ರ ನವೆಂಬರ್ 30ರಂದು ಪ್ಯಾರಿಸ್ಸಿನ ಕ್ರಿಸ್ಟೀಸ್ ಹರಾಜಿನಲ್ಲಿ ಆರು ಗುಂಡಿನ, 7 ಮಿಲಿಮೀಟರ್ ಅಳತೆಯ ಒಂದು ಹಳೆಯ ಲೆಫೋಶೋ ರಿವಾಲ್ವರ್ 4,34,500 ಯೂರೋಗಳಿಗೆ ಮಾರಾಟವಾಯಿತು. ಅದು ಅಪರೂಪದ ಮಾದರಿಯೇನೂ ಆಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಯಾವ ಪೇಟೆಯ ಬಂದೂಕಿನ ಅಂಗಡಿಯಲ್ಲಾದರೂ ಸಿಗುತ್ತಿದ್ದ ಸಾಮಾನ್ಯ ಆಯುಧ ಅದು. 1873ರ ಜುಲೈ 10ರಂದು ಬ್ರಸೆಲ್ಸ್ ನಗರದ ಹೋಟೆಲೊಂದರ ಕೋಣೆಯಲ್ಲಿ ಕವಿ ಪಾಲ್ ವರ್ಲೇನ್ ತನ್ನ ಗೆಳೆಯ, ಕವಿ ಆರ್ಥರ್ ರಿಂಬೋವಿನ ಮೇಲೆ ಎರಡು ಗುಂಡು ಹಾರಿಸಿದ್ದು ಈ ರಿವಾಲ್ವರಿನಿಂದ. ಒಂದು ಗುಂಡು ರಿಂಬೋವಿನ ಮಣಿಕಟ್ಟಿಗೆ ತಗುಲಿತು. ವರ್ಲೇನ್‌ಗೆ ಎರಡು ವರ್ಷಗಳ ಸೆರೆವಾಸವಾಯಿತು. ಅದೇ ವರ್ಷ, ಅದೇ ಬ್ರಸೆಲ್ಸ್‌ನಲ್ಲಿ ರಿಂಬೋವಿನ ಗದ್ಯಕಾವ್ಯ 'ನರಕದಲ್ಲೊಂದು ಋತು' ಅಚ್ಚಾಯಿತು. ಲಂಕೇಶರ 'ಪಾಪದ ಹೂಗಳು' ಮೂಲಕ ಬೋದಿಲೇರನನ್ನು ಬಲ್ಲ ಕನ್ನಡದ ಓದುಗರಿಗೆ ಅವನ ನಂತರದ ಪೀಳಿಗೆಯ ಈ ಇಬ್ಬರೂ ಅಪರಿಚಿತರಲ್ಲ.

ಆ ಕಾವ್ಯದ ಪ್ರತಿಯೊಂದು ಇಂದು ಯಾವ ಪುಸ್ತಕದ ಅಂಗಡಿಯಲ್ಲಾದರೂ ಅಲ್ಪ ಬೆಲೆಗೆ ದೊರೆಯುತ್ತದೆ. ಕವಿಯನ್ನು ಗಾಯಗೊಳಿಸಿದ ಕಬ್ಬಿಣಕ್ಕೆ ಮಾತ್ರ ನಾಲ್ಕು ಲಕ್ಷಕ್ಕೂ ಮಿಕ್ಕಿದ ಬೆಲೆ. ಇಲ್ಲಿ ಕೊಳ್ಳಲಾದದ್ದು ಏನು? ಲೋಹವೆ, ಯಂತ್ರವೆ, ಇತಿಹಾಸವೆ, ಅಥವಾ ಒಬ್ಬನ ಮೈಮೇಲೆ ಆದ ಗಾಯವೆ? ಪುರಾತನ ರಿವಾಲ್ವರುಗಳ ಸಂಗ್ರಹ ಮತ್ತು ಅವುಗಳಿಂದ ಗುರಿಯಿಟ್ಟು ಹೊಡೆಯುವ ಹವ್ಯಾಸ ಅಮೆರಿಕ ಹಾಗೂ ಯೂರೋಪುಗಳಲ್ಲಿ ವ್ಯಾಪಕವಾಗಿವೆ. ಅವುಗಳ ಹಿಂದೆ ಗಣನೀಯವಾದ ವಿದ್ವತ್ತೂ ಇದೆ. ಆದ್ದರಿಂದ ಈ ಪ್ರಶ್ನೆಯನ್ನು ಹೀಗಳೆಯುವ ಧಾಟಿಯಲ್ಲಿ ಕೇಳದೆ, ವಿಚಾರದ ಧಾಟಿಯಲ್ಲಿ ಕೇಳುವುದು ಉಚಿತ. ಆಯುಧ, ಪರಿಗ್ರಹ, ಸಂಕಲ್ಪ ಇವುಗಳ ಬಗೆಗೆ ಸೂಕ್ಷ್ಮವಾಗಿ ಚಿಂತಿಸಿದ ಜೈನ ಪರಂಪರೆ ಇದಕ್ಕೆ ಒಂದು ಒರೆಗಲ್ಲನ್ನು ಒದಗಿಸಬಲ್ಲದು.

ಮೊದಲಿಗೆ 'ಪುರಾತನ' ಎಂಬ ಪದದ ಅರ್ಥವನ್ನೇ ಪರಿಶೀಲಿಸಬೇಕು. ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ 1851ರಲ್ಲಿ ಅದಕ್ಕೆ ಪ್ರತಿಸ್ಪರ್ಧಿಯನ್ನು ತಂದ. ಲೋಹದ ತೋಟಾವನ್ನು ಬಳಸುವ ಸ್ಮಿತ್ ಆ್ಯಂಡ್ ವೆಸನ್ ರಿವಾಲ್ವರ್ 1857ರಲ್ಲಿ ಹೊರಬಂದಿತು. ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದು ಬಂದು ಕಪ್ಪು ಮದ್ದಿನ ಯುಗ ಮುಗಿಯಿತು. ಈ ಆರು ದಶಕಗಳ ಆಯುಧಗಳೇ ಸಂಗ್ರಾಹಕರ ಮುಖ್ಯ ಕ್ಷೇತ್ರ.

ಈ ಕ್ಷೇತ್ರವನ್ನು ಒಂದೊಂದು ದೇಶದ ಕಾನೂನು ಒಂದೊಂದು ಬಗೆಯಾಗಿ ಗುರುತಿಸುತ್ತದೆ. ಅಮೆರಿಕದ ಒಕ್ಕೂಟದ 1968ರ ಕಾಯಿದೆಯ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದು ಪುರಾತನ. ಅದು ಇಂದಿಗೂ ಸರಾಗವಾಗಿ ಗುಂಡು ಹಾರಿಸಬಲ್ಲದಾದರೂ ಆ ಕಾಯಿದೆಯ ದೃಷ್ಟಿಯಲ್ಲಿ ಬಂದೂಕೇ ಅಲ್ಲ. ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೆಯ ಕಲಮು ಬೇರೆ ಅಳತೆಗೋಲನ್ನು ಹಿಡಿಯುತ್ತದೆ. ಹಳೆಯ ಮಾದರಿಯ, ಪುರಾತತ್ತ್ವದ ಮೌಲ್ಯವುಳ್ಳ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಸಿಗಬೇಕಾದರೆ ಅದು ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲು ಬಾರದಂತಿರಬೇಕು. ಅಲ್ಲಿ ವಯಸ್ಸು ಪ್ರಮಾಣ, ಇಲ್ಲಿ ಅಸಾಮರ್ಥ್ಯ ಪ್ರಮಾಣ. ಬ್ರಿಟನ್ನಿನದು ಮೂರನೆಯ ದಾರಿ. 1996ರಲ್ಲಿ ಡನ್‌ಬ್ಲೇನ್ ಶಾಲೆಯಲ್ಲಿ ಮಕ್ಕಳ ಹತ್ಯೆ ನಡೆದ ಬಳಿಕ, 1997ರಲ್ಲಿ ಅಲ್ಲಿ ಕೈಬಂದೂಕುಗಳನ್ನು ಬಹುಮಟ್ಟಿಗೆ ನಿಷೇಧಿಸಲಾಯಿತು. ಆದರೂ ವಿಶೇಷ ಅಪೂರ್ವತೆ, ಸೌಂದರ್ಯ, ತಾಂತ್ರಿಕ ಕುತೂಹಲ ಅಥವಾ ಐತಿಹಾಸಿಕ ಮಹತ್ತ್ವವುಳ್ಳವನ್ನು ಗೊತ್ತುಪಡಿಸಿದ ಸ್ಥಳಗಳಲ್ಲಿಟ್ಟು ಅಲ್ಲಿಯೇ ಹಾರಿಸಲು ಅವಕಾಶ ಉಳಿಸಲಾಯಿತು.

ಈ ಮೂರರಲ್ಲಿ ವಯಸ್ಸನ್ನೇ ನೆಚ್ಚಿದ ನಿಲುವು ಎಷ್ಟು ದುರ್ಬಲವೆಂಬುದನ್ನು ಬ್ರಿಟನ್ನಿನ ಅನುಭವವೇ ತೋರಿಸಿಕೊಟ್ಟಿದೆ. ತೋಟಾಗಳು ಬಳಕೆ ತಪ್ಪಿದ ಅಳತೆಗಳವು ಎಂಬ ಕಾರಣದಿಂದ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾಗಿದ್ದ ಹಳೆಯ ರಿವಾಲ್ವರುಗಳು ಅಪರಾಧಿಗಳ ಕೈಸೇರತೊಡಗಿದವು. ಆದ್ದರಿಂದ 2021ರ ನಿಯಮಗಳು ಏಳು ಅಳತೆಗಳನ್ನು ವಿನಾಯಿತಿಯ ಪಟ್ಟಿಯಿಂದ ತೆಗೆದುಹಾಕಿದವು. ಅಳತೆ ಹಳತಾದರೇನು, ತೋಟಾವನ್ನು ಹೊಸದಾಗಿ ಮಾಡಿಕೊಳ್ಳಲು ಬರುತ್ತದೆ. ಆಯುಧಕ್ಕೆ ಮುಪ್ಪು ಬಂದ ಮಾತ್ರಕ್ಕೆ ಅದರ ಹಿಂಸಾಶಕ್ತಿ ಕ್ಷಯಿಸುವುದಿಲ್ಲ. ಈ ವಿಷಯದ ಚರ್ಚೆಯೆಲ್ಲವೂ ಈ ಸತ್ಯವನ್ನು ಒಪ್ಪಿಕೊಂಡೇ ಆರಂಭವಾಗಬೇಕು.

ಆದರೆ ಜೈನ ಪರಂಪರೆ ಆಯುಧವನ್ನು ಕಂಡಕೂಡಲೇ ಮುಖ ತಿರುಗಿಸಿದ ಪರಂಪರೆಯೂ ಅಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿ. ಅವನು 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಬರೆದದ್ದೂ ಯುದ್ಧಭೂಮಿಯನ್ನು ಕಂಡ ಕೈಯಿಂದಲೇ. ಗೃಹಸ್ಥನ ಹಿಂಸೆಯನ್ನು ಶಾಸ್ತ್ರಕಾರರು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಅಡಿಗೆ, ಕೃಷಿ, ರಾಜ್ಯರಕ್ಷಣೆಗಳಲ್ಲಿ ಅನಿವಾರ್ಯವಾಗಿ ಒದಗುವ ಹಿಂಸೆಯನ್ನು ಕೊಲ್ಲಬೇಕೆಂದೇ ಕೊಲ್ಲುವ ಹಿಂಸೆಯಿಂದ ಬೇರ್ಪಡಿಸುತ್ತಾರೆ. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅನರ್ಥದಂಡದ ವಿಚಾರವನ್ನು ನಿರೂಪಿಸುತ್ತದೆ. 'ಅರ್ಥ' ಎಂದರೆ ಪ್ರಯೋಜನ. ಪ್ರಯೋಜನವಿಲ್ಲದೆ ತಂದುಕೊಳ್ಳುವ ಪಾಪವೇ ಅನರ್ಥದಂಡ. ಅದರ ಐದು ಬಗೆಗಳಲ್ಲಿ ಹಿಂಸೆಯ ಸಾಧನಗಳನ್ನು ಇತರರಿಗೆ ಒದಗಿಸುವ ಹಿಂಸಾದಾನವೂ ಒಂದು, ಕೇಡನ್ನು ಚಿಂತಿಸುವ ಅಪಧ್ಯಾನವೂ ಒಂದು.

ಈ ಒರೆಗಲ್ಲಿಗೆ ಪುರಾತನ ರಿವಾಲ್ವರನ್ನು ತಿಕ್ಕಿದಾಗ ಸಮಸ್ಯೆ ಸ್ಪಷ್ಟವಾಗುತ್ತದೆ. ಸೇನಾಪತಿಯ ಖಡ್ಗಕ್ಕೆ ರಾಜ್ಯರಕ್ಷಣೆಯ ಪ್ರಯೋಜನವಿತ್ತು. ಕಾಡಂಚಿನ ರೈತನ ಕೇಪಿನ ಕೋವಿಗೆ ಬೆಳೆಯ ರಕ್ಷಣೆಯ ನೆಪವಾದರೂ ಇದೆ. 1851ರ ಕೋಲ್ಟ್ ನೇವಿ ರಿವಾಲ್ವರನ್ನು ಇಂದು ಕೊಳ್ಳುವವನಿಗೆ ಆತ್ಮರಕ್ಷಣೆಯೂ ಬೇಕಿಲ್ಲ, ಬೇಟೆಯೂ ಬೇಕಿಲ್ಲ. ಹಾಗಾದರೆ ಅದಕ್ಕೆ ಉಳಿಯುವ 'ಅರ್ಥ' ಒಂದೇ, ಜ್ಞಾನ. ಆ ಅರ್ಥ ಸಿದ್ಧಿಸುವಷ್ಟರ ಮಟ್ಟಿಗೆ ಸಂಗ್ರಹ ಸಮರ್ಥನೀಯ. ಸಿದ್ಧಿಸದ ಕಡೆ ಅದು ತತ್ತ್ವಾರ್ಥಸೂತ್ರ ಪರಿಗ್ರಹದ ಲಕ್ಷಣವೆಂದು ಹೇಳುವ ಮೂರ್ಛೆಯಲ್ಲದೆ ಬೇರೇನೂ ಆಗಲಾರದು.

ಜ್ಞಾನದ ಪಕ್ಷದಲ್ಲಿ ಸಂಗ್ರಾಹಕರು ಹೇಳಬಹುದಾದದ್ದು ಕಡಮೆಯೇನಿಲ್ಲ. ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಅವರ ಕ್ರಮ ತೀರ ಪರಿಚಿತವೆನಿಸುತ್ತದೆ. ರಿವಾಲ್ವರಿನ ಚೌಕಟ್ಟು, ನಳಿಗೆ, ಸಿಲಿಂಡರ್ ಮುಂತಾದ ಭಾಗಗಳ ಮೇಲಿನ ಅನುಕ್ರಮ ಸಂಖ್ಯೆಗಳು ಹೊಂದುತ್ತವೆಯೇ ಎಂದು ನೋಡುವುದು, ಓಲೆಗರಿಯ ಕಟ್ಟಿನಲ್ಲಿ ಬೇರೊಂದು ಪ್ರತಿಯ ಗರಿ ಸೇರಿದೆಯೇ ಎಂದು ಪರೀಕ್ಷಿಸುವಂತೆಯೇ ಸರಿ. ತಪಾಸಣಾಧಿಕಾರಿಯ ಮುದ್ರೆಯನ್ನು ಓದುವುದು ಲಿಪಿಶಾಸ್ತ್ರಕ್ಕೆ ಸಮಾನ. ಹಳೆಯ ಮೈಬಣ್ಣವನ್ನು ಉಜ್ಜಿ ಹೊಸ ಹೊಳಪು ಕೊಟ್ಟ ಆಯುಧದ ಬೆಲೆ ಕುಸಿಯುತ್ತದೆ. ಮೂಲ ಪಾಠವನ್ನು ತನಗೆ ತೋಚಿದಂತೆ ತಿದ್ದಿದ ಸಂಪಾದಕನ ಪ್ರತಿಗೆ ವಿದ್ವಾಂಸರು ಕೊಡುವ ಬೆಲೆಯೂ ಅಷ್ಟೇ. ಕೃತಕ ಮುದ್ರೆಗಳನ್ನು ಕಂಡುಹಿಡಿಯುವ ಶ್ರಮವಂತೂ ಕೂಟಶಾಸನಗಳ ಶೋಧನೆಯನ್ನು ನೆನಪಿಸುತ್ತದೆ.

ಹಾರಿಸುವವರ ವಾದವೂ ಕೇಳತಕ್ಕದ್ದೇ. ಕಪ್ಪು ಮದ್ದಿನ ರಿವಾಲ್ವರನ್ನು ತುಂಬುವುದು ನಿಧಾನದ ಕೆಲಸ. ಸಿಲಿಂಡರಿನ ಒಂದೊಂದು ಗೂಡಿಗೂ ಅಳೆದು ಮದ್ದು ಹಾಕಬೇಕು. ಗೂಡಿಗಿಂತ ಕೂದಲೆಳೆಯಷ್ಟು ದೊಡ್ಡದಾದ ಸೀಸದ ಗುಂಡನ್ನು ಸನ್ನೆಯಿಂದ ಒತ್ತಿ ಇಳಿಸಬೇಕು. ಆಗ ಸೀಸದ ತೆಳುವಾದ ಬಳೆಯೊಂದು ಕತ್ತರಿಸಿ ಮೇಲುಳಿಯುತ್ತದೆ, ಗೂಡು ಭದ್ರವಾಗಿ ಮುಚ್ಚಿಕೊಳ್ಳುತ್ತದೆ. ಮೇಲೆ ಕೊಬ್ಬು ಸವರಿ, ಹಿಂದೆ ಕೇಪು ಕೂರಿಸಬೇಕು. ಈ ಕ್ರಮದಲ್ಲಿ ಲೋಪವಾದರೆ ಒಂದು ಗೂಡಿನ ಬೆಂಕಿ ಪಕ್ಕದ ಗೂಡುಗಳಿಗೂ ಹಬ್ಬಿ ಹಲವು ಗುಂಡುಗಳು ಒಟ್ಟಿಗೆ ಸಿಡಿಯಬಹುದು. ಕೆಲವು ಸುತ್ತು ಹಾರಿಸುವಷ್ಟರಲ್ಲಿ ಮದ್ದಿನ ಕಿಟ್ಟ ಕಟ್ಟಿ ಸಿಲಿಂಡರ್ ಬಿಗಿಯುತ್ತದೆ. ಒಡೆದ ಕೇಪಿನ ಚೂರು ಯಂತ್ರದೊಳಗೆ ಬಿದ್ದು ಹ್ಯಾಮರ್ ಸಿಕ್ಕಿಕೊಳ್ಳುವುದುಂಟು. ಹೊಗೆ ಗುರಿಯನ್ನೇ ಮರೆಮಾಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕದನಗಳ ವರ್ಣನೆಗಳಲ್ಲಿ ಬರುವ ಹೊಗೆಯ, ಗೊಂದಲದ, ಕೈಕೊಟ್ಟ ಆಯುಧದ ಮಾತುಗಳು ಅಲಂಕಾರವಲ್ಲ, ವಸ್ತುಸ್ಥಿತಿ ಎಂಬುದು ಹೀಗೆ ಹಾರಿಸಿ ನೋಡಿದವರಿಗೆ ಮನದಟ್ಟಾಗುತ್ತದೆ. ಇದು ಗ್ರಂಥಾಲಯದಲ್ಲಿ ಕುಳಿತು ಪಡೆಯಲಾಗದ ಅರಿವು.

ಆದರೆ ಈ ಅರಿವಿಗೆ ಮೂಲ ಆಯುಧವೇ ಬೇಕೆ? ಬೇಕಿಲ್ಲವೆಂಬುದಕ್ಕೆ ಹವ್ಯಾಸದೊಳಗೇ ಉತ್ತರವಿದೆ. ಇಟಲಿಯ ವಾಲ್ ಟ್ರೊಂಪಿಯಾ ಕಣಿವೆಯ ಕಾರ್ಖಾನೆಗಳು ಹಳೆಯ ಮಾದರಿಗಳ ನಿಷ್ಠ ಪ್ರತಿಕೃತಿಗಳನ್ನು ದಶಕಗಳಿಂದ ತಯಾರಿಸುತ್ತಿವೆ. ಬಾಯಿಯಿಂದ ಮದ್ದು ತುಂಬುವ ಆಯುಧಗಳ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಮೂಲ ಆಯುಧಕ್ಕೊಂದು, ಪ್ರತಿಕೃತಿಗೊಂದು ಎಂದು ಬೇರೆ ಬೇರೆ ವರ್ಗಗಳೇ ಇವೆ. ಕಪ್ಪು ಮದ್ದಿನ ಕಿಟ್ಟ ತೇವವನ್ನು ಹೀರಿ ಲೋಹವನ್ನು ತಿನ್ನುತ್ತದೆ. ಅಂದಂದೇ ತೊಳೆಯದಿದ್ದರೆ ತುಕ್ಕು ತಪ್ಪಿದ್ದಲ್ಲ. 1847ರ ಕೋಲ್ಟ್ ವಾಕರ್ ಮಾದರಿಯ ಸಿಲಿಂಡರುಗಳು ಹೊಸದಾಗಿದ್ದಾಗಲೇ ಒಡೆದ ಉದಾಹರಣೆಗಳಿವೆ. ನೂರೈವತ್ತು ವರ್ಷಗಳ ನಂತರ ಅಂತಹ ಲೋಹವನ್ನು ಮತ್ತೆ ಪರೀಕ್ಷೆಗೊಡ್ಡುವುದು ಹಾರಿಸುವವನಿಗೂ ಅಪಾಯ, ಇತಿಹಾಸಕ್ಕೂ ನಷ್ಟ.

ಇದಕ್ಕೆ ಪ್ರತಿಯಾಗಿ ಒಂದು ಮಾತು ಕೇಳಿಬರುತ್ತದೆ. ಹಾರದ ರಿವಾಲ್ವರ್ ಓದದ ಹಸ್ತಪ್ರತಿಯಂತೆ, ಗಾಜಿನ ಪೆಟ್ಟಿಗೆ ಅದರ ಸಮಾಧಿ ಎಂದು. ಈ ಹೋಲಿಕೆಯನ್ನು ಜೈನ ಸಾಹಿತ್ಯದ ವಿದ್ಯಾರ್ಥಿ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ತಾಡಪ್ರತಿಗಳು ಶತಮಾನಗಳ ಕಾಲ ದರ್ಶನಕ್ಕಷ್ಟೇ ಒದಗುತ್ತಿದ್ದವು, ಅಧ್ಯಯನಕ್ಕಲ್ಲ. ಪೂಜೆಗೊಂಡು ಓದಿಸಿಕೊಳ್ಳದ ಆ ಗ್ರಂಥಗಳು ವಿದ್ವಲ್ಲೋಕಕ್ಕೆ ಇಲ್ಲದಂತೆಯೇ ಇದ್ದವು. ಆ ಕಟ್ಟು ಬಿಚ್ಚಿದ ಬಗೆ ಗಮನಾರ್ಹ. ಹಳಗನ್ನಡ ಲಿಪಿಯ ಗರಿಗಳಿಂದ ವರ್ಷಗಟ್ಟಲೆ ಶ್ರಮಿಸಿ ಪ್ರತಿಗಳನ್ನು ತೆಗೆಯಲಾಯಿತು. ಆ ಪ್ರತಿಗಳ ಬಲದಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಮುದ್ರಣ ಆರಂಭವಾಯಿತು. ಮೂಲ ಗರಿಗಳನ್ನು ದಿನವೂ ತಿರುವಿ ಸವೆಸುವ ಅಗತ್ಯ ಬರಲಿಲ್ಲ. ಓದೂ ಆಯಿತು, ಮೂಲವೂ ಉಳಿಯಿತು. ಆಯುಧದ ವಿಷಯದಲ್ಲಿಯೂ ಇದೇ ನ್ಯಾಯ ಸಲ್ಲುತ್ತದೆ. ಪ್ರತಿಕೃತಿಯನ್ನು ಹಾರಿಸಿ ಕಲಿಯಬೇಕು, ಮೂಲವನ್ನು ಅಳೆದು, ಬರೆದು, ಚಿತ್ರಿಸಿ ಕಾಪಾಡಬೇಕು.

ಪ್ರತಿಕೃತಿಯಿಂದ ಕಾಗದದ ಗುರಿಗೆ ಹೊಡೆದರೆ ಪ್ರಶ್ನೆ ಮುಗಿಯಿತೆ? ಇಲ್ಲಿ ಜನ್ನನ 'ಯಶೋಧರ ಚರಿತೆ' ಎದುರು ನಿಲ್ಲುತ್ತದೆ. 1209ರ ಆ ಕಾವ್ಯದಲ್ಲಿ ಯಶೋಧರ ಪ್ರಾಣಿವಧೆಗೆ ಒಪ್ಪದೆ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಯಾವ ಜೀವವೂ ಹೋಗದಿದ್ದರೂ ತಾಯಿಮಗ ಇಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಪಾಪ ಅಂಟಿದ್ದು ಹಿಟ್ಟಿನಿಂದಲ್ಲ. ಕೋಳಿಯೆಂದು ಭಾವಿಸಿ ಕತ್ತಿಯೆತ್ತಿದ ಸಂಕಲ್ಪದಿಂದ.

ಈ ಕಥೆಯನ್ನು ಆಧರಿಸಿ ಗುರಿಹೊಡೆತವೆಲ್ಲ ಪಾಪವೆಂದು ತೀರ್ಮಾನಿಸುವುದು ಅವಸರವಾದೀತು. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ, ಬಳಿಕ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ತೆಂಗಿನಕಾಯಿ ತೆಂಗಿನಕಾಯಿಯಾಗಿಯೇ ಉಳಿಯುತ್ತದೆ. ವೃತ್ತಗಳನ್ನು ಬರೆದ ಕಾಗದವೂ ಹಾಗೆಯೇ. ಅಲ್ಲಿ ಪರೀಕ್ಷೆಗೊಳಗಾಗುವುದು ಕಣ್ಣು, ಉಸಿರು ಮತ್ತು ಕೈಯ ಸ್ಥಿರತೆ. ಆದರೆ ಅದೇ ಹವ್ಯಾಸದ ಇನ್ನೊಂದು ಕವಲಿದೆ. ಅಮೆರಿಕದ ಪಶ್ಚಿಮದ ಗಡಿನಾಡಿನ ವೇಷ ತೊಟ್ಟು, ಆ ಕಾಲದ ಅಡ್ಡಹೆಸರು ಇಟ್ಟುಕೊಂಡು, ದರೋಡೆಯ ಅಥವಾ ದ್ವಂದ್ವದ ಸನ್ನಿವೇಶವೊಂದನ್ನು ಕಲ್ಪಿಸಿಕೊಂಡು ಉಕ್ಕಿನ ಫಲಕಗಳಿಗೆ ಹೊಡೆಯುವ ಸ್ಪರ್ಧೆಗಳವು. ಅವುಗಳಲ್ಲಿ ಭಾಗವಹಿಸುವವರು ಸಜ್ಜನರೇ ಇರಬಹುದು, ಸುರಕ್ಷತೆಯ ನಿಯಮಗಳು ಕಟ್ಟುನಿಟ್ಟಾಗಿಯೇ ಇರಬಹುದು. ಆದರೂ ಫಲಕಕ್ಕೆ ಒಬ್ಬ ಮನುಷ್ಯನ ಪಾತ್ರವನ್ನು ಕೊಟ್ಟ ಕ್ಷಣದಲ್ಲಿ ಹಿಟ್ಟಿಗೆ ಜುಟ್ಟು ಮೂಡುತ್ತದೆ. ಜನ್ನ ಎಚ್ಚರಿಸುವುದು ಆ ಕ್ಷಣದ ಬಗೆಗೆ.

ಸಂಗ್ರಹದಲ್ಲಿಯೂ ಇಂತಹದೇ ಒಂದು ಕ್ಷಣವಿದೆ. ಅದು ಬೆಲೆ ನಿಗದಿಯಾಗುವ ಕ್ಷಣ. 2021ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಬಾನಮ್ಸ್ ಹರಾಜಿನಲ್ಲಿ ಒಂದು ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿ ರಿವಾಲ್ವರ್ 60 ಲಕ್ಷ ಡಾಲರುಗಳನ್ನು ಮೀರಿತು. ಅದೇ ಮಾದರಿಯ ಇತರ ರಿವಾಲ್ವರುಗಳು ಅದರ ಸಣ್ಣದೊಂದು ಅಂಶಕ್ಕೆ ಸಿಗುತ್ತವೆ. ವ್ಯತ್ಯಾಸವಿಷ್ಟೇ: 1881ರ ಜುಲೈ 14ರಂದು ಷೆರಿಫ್ ಪ್ಯಾಟ್ ಗ್ಯಾರೆಟ್ 'ಬಿಲ್ಲಿ ದ ಕಿಡ್' ಎಂಬ ಯುವಕನನ್ನು ಕೊಂದದ್ದು ಇದರಿಂದ. ಯಂತ್ರದ ಬೆಲೆಗೂ ಹರಾಜಿನ ಬೆಲೆಗೂ ಇರುವ ಅಂತರವನ್ನು ಲೆಕ್ಕ ಹಾಕಿದರೆ ಅದು ಒಂದು ಸಾವಿನ ಬೆಲೆ.

ಇನ್ನೂ ವಿಚಾರಣೀಯವಾದದ್ದು ಕೋಲ್ಟ್ ವಾಕರ್‌ನ ಸಿಲಿಂಡರ್. ಸುಮಾರು 1,100 ಮಾತ್ರ ತಯಾರಾದ, ಎರಡು ಕಿಲೋಗ್ರಾಮಿನಷ್ಟು ತೂಗುವ ಈ ರಿವಾಲ್ವರಿನ ಸಿಲಿಂಡರಿನ ಸುತ್ತ ಕುದುರೆ ಸವಾರರು ಕೊಮಾಂಚಿ ಯೋಧರನ್ನು ಬೆನ್ನಟ್ಟುವ ದೃಶ್ಯವನ್ನು ಉಬ್ಬಿಸಲಾಗಿದೆ. ಆ ದೃಶ್ಯ ಎಷ್ಟು ಅಳಿಯದೆ ಉಳಿದಿದೆ ಎಂಬುದೂ ಬೆಲೆಯನ್ನು ನಿರ್ಧರಿಸುವ ಒಂದು ಅಂಶ. ಕರ್ನಾಟಕದ ವೀರಗಲ್ಲುಗಳಲ್ಲಿಯೂ ಕದನದ ಪಟ್ಟಿಕೆಯಿದೆ. ಆದರೆ ವೀರಗಲ್ಲು ಮಡಿದವನಿಗಾಗಿ ನೆಟ್ಟದ್ದು. ಅವನು ಯಾರು, ಯಾವ ಊರಿನ ತುರುವಿಗಾಗಿ ಬಿದ್ದ ಎಂಬುದನ್ನು ಅದು ಹಲವೊಮ್ಮೆ ಹೆಸರಿಟ್ಟು ಹೇಳುತ್ತದೆ. ವಾಕರ್‌ನ ಸಿಲಿಂಡರ್ ಕೊಂದವನ ಪಕ್ಷದ ಚಿತ್ರ. ಅದರಲ್ಲಿರುವ ಕೊಮಾಂಚಿ ಯೋಧರಿಗೆ ಹೆಸರಿಲ್ಲ.

ಈ ಹೆಸರಿಲ್ಲದ ಸ್ಥಿತಿ ದೂರದ ಟೆಕ್ಸಾಸಿನದಷ್ಟೇ ಅಲ್ಲ. 1857ರ ಹೋರಾಟದಲ್ಲಿ ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿದ್ದ ಆಡಮ್ಸ್ ಮತ್ತು ಕೋಲ್ಟ್ ರಿವಾಲ್ವರುಗಳು ಇಂದು ಒಡೆಯನ ಹೆಸರು, ದಳ, ಪದವಿಗಳ ವಿವರದೊಂದಿಗೆ ಮಾರಾಟವಾಗುತ್ತವೆ. ಅವುಗಳ ಎದುರಿಗೆ ನಿಂತವರ ಪತ್ತೆ ಆ ವಿವರಗಳಲ್ಲಿಲ್ಲ. ಅದೇ ವರ್ಷ ಮುಧೋಳ ಸೀಮೆಯ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿದರು. ನವೆಂಬರ್‌ನಲ್ಲಿ ಸೈನ್ಯ ಊರಿಗೆ ನುಗ್ಗಿ ಬೆಂಕಿಯಿಟ್ಟಿತು, ಸೆರೆ ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಆ ಬೇಡರ ಹತಾರಗಳನ್ನು ಯಾರೂ ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಲಿಲ್ಲ. ಅವರನ್ನು ಉಳಿಸಿದ್ದು ಲಾವಣಿ. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಜನರ ಬಾಯಲ್ಲಿ ನಿಂತವು. ಅದೇ ಆಡಳಿತದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಆ ಲಾವಣಿಯನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದ್ದು ಇತಿಹಾಸದ ವಿಪರ್ಯಾಸಗಳಲ್ಲೊಂದು. ಒಂದು ಕಡೆಯವರ ಪಾಲಿಗೆ ವಸ್ತು ಉಳಿಯಿತು, ಮತ್ತೊಂದು ಕಡೆಯವರ ಪಾಲಿಗೆ ಹಾಡು ಉಳಿಯಿತು. ಇವೆರಡನ್ನೂ ಎದುರುಬದುರಾಗಿಟ್ಟು ಓದದೆ 1857ರ ಚರಿತ್ರೆ ಪೂರ್ಣವಾಗುವುದಿಲ್ಲ.

ಹೀಗೆ ನೋಡಿದಾಗ ಪುರಾತನ ರಿವಾಲ್ವರುಗಳ ಸಂಗ್ರಹವನ್ನು ನಿಷೇಧಿಸಬೇಕೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಅದಕ್ಕೆ ಅರ್ಥವನ್ನು ಒದಗಿಸಬೇಕೆಂಬ ತೀರ್ಮಾನಕ್ಕೆ ಬರಬೇಕಾಗಿದೆ. ಸಂಗ್ರಹಾಲಯದ ವಿವರಪಟ್ಟಿಯಾಗಲಿ, ಖಾಸಗಿ ಸಂಗ್ರಾಹಕನ ದಾಖಲೆಯಾಗಲಿ, ಆಯುಧದ ಸಂಖ್ಯೆ, ಮುದ್ರೆ, ಸ್ಥಿತಿ, ಒಡೆಯರ ಪರಂಪರೆಗಳ ಜೊತೆಗೆ ಇನ್ನೊಂದು ಅಂಕಣವನ್ನು ತೆರೆಯಬೇಕು: ಇದು ಯಾರ ವಿರುದ್ಧ ಬಳಕೆಯಾಯಿತು? ತಿಳಿದಿದ್ದರೆ ಆ ಹೆಸರನ್ನು ಬರೆಯಬೇಕು. ತಿಳಿಯದಿದ್ದರೆ ಆ ಜಾಗವನ್ನು ಖಾಲಿಯಾಗಿಯೇ ಬಿಡಬೇಕು. ಲುಪ್ತವಾದ ಪಾಠವನ್ನು ಚುಕ್ಕೆಗಳಿಂದ ಸೂಚಿಸುವ ಸಂಪಾದಕನ ಪ್ರಾಮಾಣಿಕತೆ ಅದು. ಸಾಹಿತ್ಯ ಮತ್ತು ಇತಿಹಾಸದ ವಿದ್ಯಾರ್ಥಿಗಳು ಆಯುಧಗಳ ಅಧ್ಯಯನವನ್ನು ಹವ್ಯಾಸಿಗಳಿಗೆ ಬಿಟ್ಟುಕೊಡದೆ, ಲಾವಣಿ, ಕಡತ, ಶಾಸನಗಳನ್ನು ಬಲ್ಲ ತಮ್ಮ ಕಣ್ಣನ್ನೂ ಅಲ್ಲಿಗೆ ಒಯ್ಯಬೇಕು.

ಪಂಪನ ಆದಿಪುರಾಣದಲ್ಲಿ ದಿಗ್ವಿಜಯ ಮುಗಿಸಿದ ಭರತ ತನ್ನ ಕೀರ್ತಿಶಾಸನವನ್ನು ಬರೆಯಿಸಲು ವೃಷಭಾಚಲಕ್ಕೆ ಹೋಗುತ್ತಾನೆ. ಹಿಂದಿನ ಚಕ್ರವರ್ತಿಗಳ ಶಾಸನಗಳಿಂದ ಆ ಬೆಟ್ಟದ ಮೈಯೆಲ್ಲ ತುಂಬಿಹೋಗಿರುತ್ತದೆ. ಅವನ ಗರ್ವ ಅಲ್ಲಿ ಮುರಿಯುತ್ತದೆ. ಆದರೂ ಒಬ್ಬರ ಹೆಸರನ್ನು ಅಳಿಸಿ ತನ್ನದನ್ನು ಬರೆಯಿಸುತ್ತಾನೆ. ಮುಂದೆ ಅದೇ ಭರತ ಎಸೆದ ಚಕ್ರರತ್ನ ಬಾಹುಬಲಿಯನ್ನು ಕೊಲ್ಲಲಾರದೆ ಅವನಿಗೆ ಬಲಗೊಂಡು ನಿಲ್ಲುತ್ತದೆ. ಹಳೆಯ ರಿವಾಲ್ವರಿನ ಒಡೆಯರ ಪಟ್ಟಿಯೂ ಆ ಬೆಟ್ಟದಂತೆಯೇ ಬೆಳೆಯುತ್ತ ಹೋಗುತ್ತದೆ. ಅದರ ಕೊನೆಗೆ ತನ್ನ ಹೆಸರನ್ನು ಸೇರಿಸುವ ಸಂಗ್ರಾಹಕನು, ಅಳಿಸಿಹೋದ ಹೆಸರು ಯಾರದೆಂದು ಒಮ್ಮೆ ಹುಡುಕಿ ನೋಡುವುದು ವಿಹಿತ.